ಎಡಬದಿಯ ಮುಂದಿನ ಚಕ್ರ ಹೇಳಿದ್ದು

ಟ್ರ್ಯಾಕ್ ಡೇ, ಅಂದರೆ ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ದಿನ, ಮುಗಿಸಿ ಬಂದ ಮರುದಿನ ನಾಲ್ಕೂ ಚಕ್ರಗಳನ್ನು ಬಿಚ್ಚಿ, ಬ್ರೇಕ್ ಪ್ಯಾಡ್‌ಗಳ ದಪ್ಪವನ್ನು ಅಳೆದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುವುದು ನನ್ನ ರೂಢಿ. ಎರಡು ವರ್ಷಗಳ ಹಿಂದೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಿಂದ ಬೆಂಗಳೂರಿಗೆ ಮರಳಿದ ಮೇಲೆ ಹಾಗೆ ಅಳೆದಾಗ, ಮುಂದಿನ ಬಲ ಚಕ್ರದ ಪ್ಯಾಡ್ ಒಂದು ಮಿಲಿಮೀಟರ್‌ನಷ್ಟು ಸವೆದಿತ್ತು, ಎಡ ಚಕ್ರದ್ದು ಹೆಚ್ಚುಕಡಿಮೆ ಮೂರು ಮಿಲಿಮೀಟರ್. ಎಡಬದಿಯ ಡಿಸ್ಕ್‌ನ ಅಂಚಿನಲ್ಲಿ ಅತಿಯಾಗಿ ಕಾದ ಲೋಹಕ್ಕೆ ಬರುವ ನೀಲಿ ಛಾಯೆಯೂ ಕಾಣುತ್ತಿತ್ತು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಹಿಡಿದುಕೊಂಡಿರಬಹುದೆಂದು ಮೊದಲು ಅನುಮಾನಿಸಿದೆ. ಬಿಚ್ಚಿ ನೋಡಿದರೆ ಎರಡೂ ಕಡೆಯ ಪಿನ್‌ಗಳು ಸಲೀಸಾಗಿ ಜಾರುತ್ತಿದ್ದವು. ನಾನು ಪೆಡಲ್ ತುಳಿದಾಗ ಮುಂದಿನ ಎರಡೂ ಚಕ್ರಗಳಿಗೆ ಹೋಗುವುದು ಒಂದೇ ಒತ್ತಡ. ಹಾಗಾದರೆ ಆ ಎರಡು ಮಿಲಿಮೀಟರ್‌ಗಳನ್ನು ಸವೆಸಿದ್ದು ನನ್ನ ಕಾಲಲ್ಲ. ಆ ದಿನವೆಲ್ಲ ನನ್ನ ಜೊತೆ ಇನ್ನೊಬ್ಬ ಚಾಲಕ ಬ್ರೇಕ್ ಹಾಕುತ್ತಿದ್ದ, ಅದೂ ಒಂದೇ ಚಕ್ರಕ್ಕೆ.

ಆ ಇನ್ನೊಬ್ಬ ಚಾಲಕ ಇಎಸ್‌ಸಿ, ಅಂದರೆ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ ವ್ಯವಸ್ಥೆ. ಡ್ಯಾಶ್‌ಬೋರ್ಡ್‌ನಲ್ಲಿ ಜಾರುತ್ತಿರುವ ಕಾರಿನ ಚಿತ್ರವುಳ್ಳ ಹಳದಿ ದೀಪ ಅಂದು ಪ್ರತಿ ಸುತ್ತಿನಲ್ಲೂ ಮಿನುಗುತ್ತಿತ್ತು. ಪಕ್ಕದ ಗ್ಯಾರೇಜ್‌ನಲ್ಲಿದ್ದವರು, ಟ್ರ್ಯಾಕ್ ಮೇಲೆ ಅದನ್ನು ಆಫ್ ಮಾಡಿಯೇ ಓಡಿಸಬೇಕು ಎಂದು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು. ನಾನು ಆಫ್ ಮಾಡಲಿಲ್ಲ. ಯಾಕೆ ಮಿನುಗುತ್ತಿದೆ ಎಂಬುದು ತಿಳಿಯದೆ ಅದರ ಬಾಯಿ ಮುಚ್ಚಿಸುವುದು ಸರಿಯೆನಿಸಲಿಲ್ಲ. ಉತ್ತರ ಸಿಕ್ಕಿದ್ದು ಮಾತ್ರ ಮನೆಗೆ ಬಂದು ಚಕ್ರ ಬಿಚ್ಚಿದ ಮೇಲೆ, ಮತ್ತು ಆ ಉತ್ತರ ಇದ್ದದ್ದು ಟೈರ್‌ಗಳಲ್ಲಿ.

ಅದರ ಹಿಂದಿನ ವರ್ಷ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಇದೇ ಕಾರನ್ನು, ಕಂಪನಿಯಿಂದ ಬಂದ ಟೈರ್‌ಗಳ ಮೇಲೆಯೇ ಓಡಿಸಿದ್ದೆ. ಮುಂಚಕ್ರ ಚಾಲನೆಯ ಟರ್ಬೊ ಪೆಟ್ರೋಲ್ ಸೆಡಾನ್ ಅದು. ಇಂಥ ಕಾರುಗಳ ಸ್ವಭಾವವೇ ತಿರುವಿನಲ್ಲಿ ಮೂಗು ಹೊರಕ್ಕೆ ಹೋಗುವುದು, ಅಂದರೆ ಅಂಡರ್‌ಸ್ಟಿಯರ್. ಹೊಸ ಚಾಲಕನಾಗಿದ್ದ ನಾನು ಸ್ಟೀರಿಂಗನ್ನು ಅಗತ್ಯಕ್ಕಿಂತ ಹೆಚ್ಚು ತಿರುಗಿಸುತ್ತಿದ್ದೆ, ಇಎಸ್‌ಸಿ ಎಂಜಿನ್‌ನ ಬಲವನ್ನು ಕಡಿತಗೊಳಿಸಿ ಒಳಬದಿಯ ಹಿಂದಿನ ಚಕ್ರಕ್ಕೆ ಬ್ರೇಕ್ ಹಾಕಿ ಮೂಗನ್ನು ಒಳಗೆಳೆಯಲು ಯತ್ನಿಸುತ್ತಿತ್ತು. ಕಾರು ಉಸಿರು ಕಟ್ಟಿದಂತೆ ನಿಧಾನವಾಗುತ್ತಿತ್ತು. ಮುಂದಿನ ಟೈರ್‌ಗಳ ಭುಜಗಳು ಒಂದೇ ದಿನದಲ್ಲಿ ಕಿತ್ತುಹೋದವು. ಆಗ ನಾನು ಮಾಡಿದ ತರ್ಕ ಸರಳವಾಗಿತ್ತು: ಮುಂಚಕ್ರ ಚಾಲನೆಯ ಕಾರಿನಲ್ಲಿ ತಿರುಗಿಸುವುದು, ಎಳೆಯುವುದು, ನಿಲ್ಲಿಸುವುದರಲ್ಲಿ ಹೆಚ್ಚಿನ ಪಾಲು ಎಲ್ಲವೂ ಮುಂದಿನ ಟೈರ್‌ಗಳ ಕೆಲಸ, ಆದ್ದರಿಂದ ದುಬಾರಿಯಾದ, ಮೃದು ರಬ್ಬರ್‌ನ, ಗಟ್ಟಿ ಪಕ್ಕೆಯ ಟೈರ್‌ಗಳನ್ನು ಮುಂದೆ ಮಾತ್ರ ಹಾಕಿದರೆ ಸಾಕು. ಅಂಗಡಿಯಲ್ಲೂ ಆ ಅಳತೆಯವು ಎರಡೇ ಇದ್ದವು. ಹಿಂದೆ ಹಳೆಯ ಟೈರ್‌ಗಳು ಹಾಗೇ ಉಳಿದವು. ಆ ಜೋಡಣೆಯೊಂದಿಗೆ ಮದ್ರಾಸಿಗೆ ಹೋದೆ.

ಈಗ ಇಎಸ್‌ಸಿಯ ಒಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದಿಲ್ಲದೆ ಟೈರಿನ ಮಾತು ಅರ್ಥವಾಗುವುದಿಲ್ಲ. ಬಾಷ್ ಮತ್ತು ಡೈಮ್ಲರ್-ಬೆಂಜ್ ಒಟ್ಟಾಗಿ ರೂಪಿಸಿ 1995ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಮಾರುಕಟ್ಟೆಗೆ ತಂದ ಈ ವ್ಯವಸ್ಥೆಯ ಹಿಂದೆ ಬಾಷ್‌ನ ಎಂಜಿನಿಯರ್ ಆಂಟನ್ ವಾನ್ ಝಾಂಟೆನ್ ಅವರ ತಂಡದ ದೀರ್ಘ ದುಡಿಮೆ ಇದೆ. 1997ರ ಅಕ್ಟೋಬರ್‌ನಲ್ಲಿ ಮರ್ಸಿಡಿಸ್ ಎ-ಕ್ಲಾಸ್ ಕಾರು ಸ್ವೀಡನ್ನಿನ ಪತ್ರಿಕೆಯೊಂದು ನಡೆಸಿದ ಪರೀಕ್ಷೆಯಲ್ಲಿ ಅಡ್ಡ ಬಂದ ಮೂಸ್ ಎಂಬ ದೊಡ್ಡ ಜಿಂಕೆಯನ್ನು ತಪ್ಪಿಸುವಂತೆ ಹಠಾತ್ತನೆ ತಿರುಗಿ ಮಗುಚಿ ಬಿದ್ದ ಮೇಲೆ, ಕಂಪನಿ ಆ ಪುಟ್ಟ ಕಾರಿನ ಸಸ್ಪೆನ್ಷನ್ ಬದಲಿಸಿದ್ದಲ್ಲದೆ ಈ ವ್ಯವಸ್ಥೆಯನ್ನೂ ಎಲ್ಲ ಎ-ಕ್ಲಾಸ್‌ಗಳಿಗೆ ಕೊಡಬೇಕಾಯಿತು. ಐಷಾರಾಮಿ ಕಾರುಗಳ ಸೌಲಭ್ಯ ಸಾಮಾನ್ಯ ಕಾರುಗಳಿಗೆ ಇಳಿದದ್ದಕ್ಕೆ ಆ ಘಟನೆ ಒಂದು ದೊಡ್ಡ ಕಾರಣ.

ಇದರ ಹೃದಯ ಒಂದು ಹೋಲಿಕೆ. ಸ್ಟೀರಿಂಗ್ ಎಷ್ಟು ತಿರುಗಿದೆ, ನಾಲ್ಕು ಚಕ್ರಗಳು ಎಷ್ಟು ವೇಗವಾಗಿ ಉರುಳುತ್ತಿವೆ, ಬ್ರೇಕ್ ಒತ್ತಡ ಎಷ್ಟು, ಕಾರು ಪಕ್ಕಕ್ಕೆ ಎಷ್ಟು ಬಲವಾಗಿ ಎಳೆಯಲ್ಪಡುತ್ತಿದೆ, ತನ್ನ ನಡುವಿನ ಲಂಬ ಅಕ್ಷದ ಸುತ್ತ ಸೆಕೆಂಡಿಗೆ ಎಷ್ಟು ಡಿಗ್ರಿ ಹೊರಳುತ್ತಿದೆ ಎಂಬುದನ್ನು ಸಂವೇದಕಗಳು ಎಡೆಬಿಡದೆ ತಿಳಿಸುತ್ತವೆ. ಈ ಕೊನೆಯದನ್ನು ಎಂಜಿನಿಯರ್‌ಗಳು ಯಾ ರೇಟ್ ಎನ್ನುತ್ತಾರೆ. ನಾನು ಹೊರಳುವೇಗ ಎನ್ನುತ್ತೇನೆ. ಕಂಪ್ಯೂಟರ್ ತನ್ನೊಳಗೆ ಇದೇ ಕಾರಿನ ಒಂದು ಸರಳ ಗಣಿತ ಮಾದರಿಯನ್ನು ಇಟ್ಟುಕೊಂಡಿರುತ್ತದೆ. ಇಷ್ಟು ವೇಗದಲ್ಲಿ, ಸ್ಟೀರಿಂಗ್ ಇಷ್ಟು ತಿರುಗಿದರೆ, ಹೊರಳುವೇಗ ಇಷ್ಟಿರಬೇಕು ಎಂದು ಆ ಮಾದರಿ ಹೇಳುತ್ತದೆ. ನಿಜವಾದ ಹೊರಳುವೇಗ ಅದಕ್ಕಿಂತ ಕಡಿಮೆಯಿದ್ದರೆ ಅಂಡರ್‌ಸ್ಟಿಯರ್ ಎಂದು ತೀರ್ಮಾನಿಸಿ ಒಳಬದಿಯ ಹಿಂದಿನ ಚಕ್ರವನ್ನು ಹಿಡಿಯುತ್ತದೆ. ಹೆಚ್ಚಿದ್ದರೆ ಕಾರಿನ ಬಾಲ ಹೊರಕ್ಕೆ ಬೀಸುತ್ತಿದೆ, ಅಂದರೆ ಓವರ್‌ಸ್ಟಿಯರ್, ಎಂದು ತೀರ್ಮಾನಿಸಿ ಹೊರಬದಿಯ ಮುಂದಿನ ಚಕ್ರವನ್ನು ಹಿಡಿಯುತ್ತದೆ. ಸ್ವಲ್ಪ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ; ಸ್ಪೋರ್ಟ್ ಮೋಡ್ ಎನ್ನುವುದು ಬಹುಪಾಲು ಆ ಸಹನೆಯ ಗೆರೆಯನ್ನು ಅಗಲ ಮಾಡುವುದಷ್ಟೆ.

ಆ ಮಾದರಿಯೊಳಗೆ ಒಂದು ಟೈರ್ ಅಡಗಿದೆ ಎಂಬುದು ನನಗೆ ತಡವಾಗಿ ಹೊಳೆದ ಸಂಗತಿ. ಸ್ಟೀರಿಂಗ್ ತಿರುಗಿಸಿದಾಗ ಕಾರು ಎಷ್ಟು ಹೊರಳಬೇಕು ಎಂಬುದು ಚಕ್ರಗಳ ನಡುವಿನ ಅಂತರದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಮುಂದಿನ ಮತ್ತು ಹಿಂದಿನ ಟೈರ್‌ಗಳು ಪ್ರತಿ ಡಿಗ್ರಿ ಜಾರುಕೋನಕ್ಕೆ (ಚಕ್ರ ಮುಖಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ನಡುವಿನ ಕೋನ) ಎಷ್ಟು ಪಕ್ಕಬಲವನ್ನು ಹುಟ್ಟಿಸುತ್ತವೆ, ಅಂದರೆ ತಿರುವಿನಲ್ಲಿ ಅವು ಎಷ್ಟು ಬಿಗಿಯಾಗಿವೆ, ಎಂಬುದರ ಮೇಲೂ ನಿಂತಿದೆ. ಆ ಅಂಕಿಗಳನ್ನು ಕಾರು ತಯಾರಾಗುವಾಗ, ಅದಕ್ಕೆಂದೇ ಆರಿಸಿದ ಟೈರ್‌ಗಳ ಮೇಲೆ ಓಡಿಸಿ ಓಡಿಸಿ ಹದಗೊಳಿಸಿರುತ್ತಾರೆ. ನಾವು ಅಂಗಡಿಗೆ ಹೋಗಿ ಬೇರೆ ಟೈರ್ ಹಾಕಿಸಿಕೊಂಡಾಗ ಕಂಪ್ಯೂಟರ್‌ಗೆ ಯಾರೂ ಹೇಳುವುದಿಲ್ಲ. ಅದು ಇನ್ನೂ ಹಳೆಯ ಟೈರನ್ನೇ ನೆನಪಿನಲ್ಲಿಟ್ಟುಕೊಂಡು, ಈಗಿನ ಕಾರನ್ನು ಆ ನೆನಪಿನೊಂದಿಗೆ ಹೋಲಿಸುತ್ತಲೇ ಇರುತ್ತದೆ.

ನನ್ನ ಕಾರಿನಲ್ಲಿ ಆದದ್ದು ಇದೇ. ಮುಂದೆ ಬಿಗಿಯಾದ, ಹಿಡಿತ ಹೆಚ್ಚಿದ್ದ ಟೈರ್‌ಗಳು. ಹಿಂದೆ ಮೃದು ಪಕ್ಕೆಯ ಹಳೆಯ ಟೈರ್‌ಗಳು. ಸ್ಟೀರಿಂಗ್ ಮುಟ್ಟಿದೊಡನೆ ಮೂಗು ಮಾದರಿ ನಿರೀಕ್ಷಿಸಿದ್ದಕ್ಕಿಂತ ಬೇಗ ಒಳಗೆ ಬರುತ್ತಿತ್ತು. ನನಗದು ಹಿತವೆನಿಸುತ್ತಿತ್ತು, ಹಿಂದಿನ ವರ್ಷದ ಅಂಡರ್‌ಸ್ಟಿಯರ್ ಮಾಯವಾಗಿದೆ ಎಂದು ಖುಷಿಪಟ್ಟಿದ್ದೆ. ಇಎಸ್‌ಸಿಗೆ ಅದು ಬಾಲ ಬೀಸುವ ಮೊದಲ ಸೂಚನೆಯಾಗಿ ಕಂಡಿತ್ತು. ಮದ್ರಾಸ್ ಸರ್ಕ್ಯೂಟ್ ಗಡಿಯಾರದ ದಿಕ್ಕಿನಲ್ಲಿ ಸಾಗುವ ಟ್ರ್ಯಾಕ್, ಹಾಗಾಗಿ ಬಲ ತಿರುವುಗಳದ್ದೇ ಮೇಲುಗೈ. ಸಿ1 ಎಂದು ಕರೆಯುವ ಮೊದಲ ತಿರುವಂತೂ ಮುಖ್ಯ ನೇರಹಾದಿಯ ತುದಿಯಲ್ಲಿ ಬರುವ ಅತಿವೇಗದ ಬಲ ತಿರುವು. ಬಲ ತಿರುವಿನಲ್ಲಿ ಹೊರಬದಿಯ ಮುಂಚಕ್ರ ಎಂದರೆ ಎಡಬದಿಯದು. ಪ್ರತಿ ಸುತ್ತಿನಲ್ಲೂ ಇಎಸ್‌ಸಿ ಅದನ್ನೇ ಹಿಡಿಯುತ್ತಿತ್ತು, ಪ್ಯಾಡ್ ಸವೆಯುತ್ತಿತ್ತು, ಡಿಸ್ಕ್ ಕಾಯುತ್ತಿತ್ತು.

ಇಲ್ಲಿ ಕಂಪ್ಯೂಟರ್ ತಪ್ಪು ತಿಳಿದಿತ್ತೆಂದು ಹೇಳಿ ಮುಗಿಸಬಹುದಿತ್ತು. ನಾನೂ ಕೆಲವು ದಿನ ಹಾಗೆಯೇ ನಂಬಿದ್ದೆ. ಆದರೆ ಯೋಚಿಸುತ್ತ ಹೋದಂತೆ ಅದರ ಆತಂಕ ಬಹುಮಟ್ಟಿಗೆ ನಿಜವೇ ಆಗಿತ್ತೆಂದು ಒಪ್ಪಿಕೊಳ್ಳಬೇಕಾಯಿತು. ಮುಂದಿನ ಹಿಡಿತವನ್ನು ಹೆಚ್ಚಿಸಿ ಹಿಂದಿನದನ್ನು ಹಾಗೇ ಬಿಟ್ಟಿದ್ದೆನಾದ್ದರಿಂದ, ಮಿತಿಯ ಹತ್ತಿರ ಹೋದಾಗ ಮೊದಲು ಸೋಲುವುದು ಹಿಂದಿನ ಟೈರ್‌ಗಳೇ. ಸಿ1ರ ವೇಗದಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿದು ಹಿಂಭಾಗ ಇನ್ನಷ್ಟು ಹಗುರಾಗುತ್ತದೆ. ಪಕ್ಕದವರ ಮಾತು ಕೇಳಿ ಗುಂಡಿ ಒತ್ತಿದ್ದರೆ ಆ ತಿರುವಿನಲ್ಲಿ ಕಾರು ಹಿಂದುಮುಂದಾಗುತ್ತಿತ್ತು ಎಂದೇ ನಂಬಿದ್ದೇನೆ. ಆ ಸವೆದ ಪ್ಯಾಡ್‌ಗೆ ನಾನು ಋಣಿ.

ಇನ್ನು ಹಿಡಿತದ ಮಿತಿಯ ವಿಷಯ. ರಸ್ತೆ ಮತ್ತು ಟೈರಿನ ನಡುವೆ ಎಷ್ಟು ಘರ್ಷಣೆ ಲಭ್ಯವಿದೆ ಎಂಬುದನ್ನು ಇಎಸ್‌ಸಿ ನೇರವಾಗಿ ಅಳೆಯಲಾರದು. ಕಾರು ಪಕ್ಕಕ್ಕೆ ಎಳೆಯಲ್ಪಡುವ ಬಲವನ್ನು ನೋಡಿ ಊಹಿಸುತ್ತದೆ, ಮತ್ತು ಮಾದರಿ ಹೇಳಿದ ಹೊರಳುವೇಗ ಆ ಘರ್ಷಣೆಗೆ ಮೀರಿದ್ದಾದರೆ ಅದನ್ನು ಕತ್ತರಿಸುತ್ತದೆ. ಲೆಕ್ಕ ಕಷ್ಟದ್ದಲ್ಲ. ಗಂಟೆಗೆ 90 ಕಿಲೋಮೀಟರ್ ಎಂದರೆ ಸೆಕೆಂಡಿಗೆ 25 ಮೀಟರ್. ಟೈರ್‌ಗಳು ಗುರುತ್ವದ 0.9 ಪಟ್ಟು ಪಕ್ಕಬಲವನ್ನು ತಾಳಿಕೊಳ್ಳುವುದಾದರೆ ಆ ವೇಗದಲ್ಲಿ ಕಾರು ಸ್ಥಿರವಾಗಿ ಹೊರಳಬಹುದಾದದ್ದು ಸೆಕೆಂಡಿಗೆ ಸುಮಾರು 20 ಡಿಗ್ರಿ. ಟ್ರ್ಯಾಕ್‌ಗೆಂದೇ ಮಾಡಿದ ಟೈರ್‌ಗಳು 1.1 ಪಟ್ಟು ತಾಳಿಕೊಂಡರೆ ಅದು 25 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಇದನ್ನೇ ತಿರುವಿನ ಕಡೆಯಿಂದ ನೋಡಿದರೆ, ಮೊದಲ ಟೈರ್‌ಗಳಲ್ಲಿ 90ರಲ್ಲಿ ಸಾಗುತ್ತಿದ್ದ ತಿರುವನ್ನು ಎರಡನೆಯವುಗಳಲ್ಲಿ ಸುಮಾರು 99ರಲ್ಲಿ ಸಾಗಬಹುದು. ಗಡಿಯಾರ ಹಿಡಿದವರು ಕಾಣುವುದು ಇದನ್ನು. ನನ್ನ ಕಣ್ಣಿಗೆ ಬೀಳುವುದು ಬೇರೆ: ವೇಗದ ಆ ಹೆಚ್ಚಳದಿಂದ ಕಾರಿನ ಚಲನಶಕ್ತಿ ಶೇ 22ರಷ್ಟು ಏರಿರುತ್ತದೆ. ಹಿಡಿತ ತಪ್ಪಿದ ಕ್ಷಣದಲ್ಲಿ ಇಎಸ್‌ಸಿ ಅದೇ ಬ್ರೇಕ್‌ಗಳಿಂದ, ಅದೇ ಹೈಡ್ರಾಲಿಕ್ ಪಂಪಿನಿಂದ, ಅಷ್ಟು ಹೆಚ್ಚಿನ ಶಕ್ತಿಯನ್ನು ಸಂಭಾಳಿಸಬೇಕು. ಟೈರ್‌ಗಳು ಈಗಾಗಲೇ ಪೂರ್ತಿ ಬಳಕೆಯಾಗಿದ್ದರೆ ಬ್ರೇಕ್ ಹಾಕಿ ಪಡೆಯಲು ಹೊಸ ಹಿಡಿತವೇನೂ ಉಳಿದಿರುವುದಿಲ್ಲ.

ಅದಕ್ಕಿಂತಲೂ ಸೂಕ್ಷ್ಮವಾದದ್ದು ಟೈರ್ ಸೋಲುವ ರೀತಿ. ಸಾಮಾನ್ಯ ರಸ್ತೆ ಟೈರ್ ಗರಿಷ್ಠ ಹಿಡಿತವನ್ನು ತಲುಪಿದ ಮೇಲೂ ಒಂದೆರಡು ಡಿಗ್ರಿ ಕೀರಲುತ್ತ, ನಿಧಾನವಾಗಿ ಕೈಬಿಡುತ್ತದೆ. ಆ ಕೀರಲು ದನಿಯೇ ಚಾಲಕನಿಗೂ ಇಎಸ್‌ಸಿಗೂ ಸಿಗುವ ಸಮಯ. ಗಟ್ಟಿ ಕವಚದ ಸೆಮಿ-ಸ್ಲಿಕ್ ಟೈರ್, ಅಂದರೆ ಗೀರುಗಳು ತೀರ ಕಡಿಮೆಯಿರುವ ಟ್ರ್ಯಾಕ್ ಟೈರ್, ತನ್ನ ಗರಿಷ್ಠವನ್ನು ಕಡಿಮೆ ಜಾರುಕೋನದಲ್ಲೇ ಮುಟ್ಟುತ್ತದೆ, ಮತ್ತು ಅನೇಕ ವೇಳೆ ಶಿಖರದ ಆಚೆಗಿನ ಇಳಿಜಾರು ಕಡಿದಾಗಿರುತ್ತದೆ. ಮಾದರಿಯ ಸಹನೆಯ ಗೆರೆಯನ್ನು ರಸ್ತೆ ಟೈರಿನ ಮೆದು ಇಳಿಜಾರಿಗೆ ಹೊಂದಿಸಿದ್ದರೆ, ವ್ಯವಸ್ಥೆ ಎಚ್ಚೆತ್ತು ಪಂಪ್ ಒತ್ತಡ ಕಟ್ಟುವ ಹೊತ್ತಿಗೆ ಸೆಮಿ-ಸ್ಲಿಕ್ ಆಗಲೇ ಇಳಿಜಾರಿನಲ್ಲಿರುತ್ತದೆ. ಆದ್ದರಿಂದ ಅಂಟುವ ಟೈರ್ ಹಾಕಿದರೆ ಇಎಸ್‌ಸಿ ಸುಮ್ಮನಿರುತ್ತದೆ ಎಂಬುದೂ, ಯಾವಾಗಲೂ ಅಡ್ಡ ಬರುತ್ತದೆ ಎಂಬುದೂ ಅರ್ಧಸತ್ಯಗಳು. ಮಿತಿಯ ಕೆಳಗೆ, ಕಾರು ನಿರೀಕ್ಷೆಗಿಂತ ಚುರುಕಾಗಿ ಹೊರಳಿದಾಗ, ಅದು ಬೇಡದ ಕಡೆ ಬೇಗ ಬರಬಹುದು. ಮಿತಿಯ ಮೇಲೆ, ಬೇಕಾದ ಕಡೆ ತಡವಾಗಿ ಬರಬಹುದು. ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್‌ನಲ್ಲೂ ಇದರ ನೆರಳಿದೆ. ಅಂಟುವ ಟೈರ್‌ಗಳ ಮೇಲೆ ಬ್ರೇಕನ್ನು ಥಟ್ಟನೆ ತುಳಿದಾಗ ಚಕ್ರದ ವೇಗ ಕುಸಿಯುವ ರೀತಿಯನ್ನು ಕಂಡು ಕೆಲವು ಕಾರುಗಳು ಕೆಳಗೆ ಹಿಮವಿದೆ ಎಂದು ಭ್ರಮಿಸಿ ಒತ್ತಡವನ್ನು ಬಿಟ್ಟುಬಿಡುತ್ತವೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಟ್ರ್ಯಾಕ್ ಓಡಿಸುವವರು ಇದನ್ನು ಐಸ್ ಮೋಡ್ ಎನ್ನುತ್ತಾರೆ. ನನಗೆ ಒಮ್ಮೆಯೂ ಆಗಿಲ್ಲ, ಆಗದಿರಲೆಂದೇ ಪೆಡಲ್ ಮೇಲಿನ ಒತ್ತಡವನ್ನು ಹಂತಹಂತವಾಗಿ ಕಟ್ಟಲು ಕಲಿತೆ.

ಅಳತೆಯ ಬಗ್ಗೆ ಎರಡು ಮಾತು. ನನ್ನ ಕಾರಿನ ಮೂಲ ಅಳತೆ 205/55 ಆರ್16, ಅಂದರೆ ಅಗಲ 205 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇ 55, ರಿಮ್ 16 ಇಂಚು. ಲೆಕ್ಕದಲ್ಲಿ ಅದರ ವ್ಯಾಸ 632 ಮಿಲಿಮೀಟರ್. 205/50 ಆರ್17 ಹಾಕಿದರೆ 637, ಶೇ 1ಕ್ಕಿಂತ ಕಡಿಮೆ ವ್ಯತ್ಯಾಸ. 215/50 ಆರ್17 ಆದರೆ 647, ಶೇ 2.4. ನಾಲ್ಕೂ ಒಂದೇ ಆಗಿದ್ದರೆ ಸ್ಪೀಡೋಮೀಟರ್ ತುಸು ತಪ್ಪುವುದರ ಹೊರತು ದೊಡ್ಡ ತೊಂದರೆಯಿಲ್ಲ. ಆದರೆ ಇಎಸ್‌ಸಿ ಚಕ್ರದ ಜಾರುವಿಕೆಯನ್ನು ಅರಿಯುವುದೇ ಒಂದು ಚಕ್ರದ ವೇಗವನ್ನು ಇತರ ಚಕ್ರಗಳೊಂದಿಗೆ ತೂಗಿ ನೋಡಿ. ಮುಂದೊಂದು ಅಳತೆ, ಹಿಂದೊಂದು ಅಳತೆ ಹಾಕಿ ಮೂಲ ಅನುಪಾತ ಕೆಡಿಸಿದರೆ ನೇರ ರಸ್ತೆಯಲ್ಲೂ ಒಂದು ಜೋಡಿ ಸದಾ ತುಸು ಜಾರುತ್ತಿರುವಂತೆ ಕಾಣುತ್ತದೆ. ವ್ಯವಸ್ಥೆ ಸಣ್ಣ ವ್ಯತ್ಯಾಸಗಳನ್ನು ನೇರ ಓಟದಲ್ಲಿ ಕಲಿತು ಸರಿದೂಗಿಸಿಕೊಳ್ಳುತ್ತದೆ, ಆದರೆ ಅದಕ್ಕೂ ಒಂದು ಮಿತಿಯಿದೆ. ಸವೆತವೂ ಇದೇ ಲೆಕ್ಕಕ್ಕೆ ಸೇರುತ್ತದೆ. 8 ಮಿಲಿಮೀಟರ್ ಟ್ರೆಡ್ (ಗೀರುಗಳ ಆಳ) ಇರುವ ಹೊಸ ಟೈರಿಗೂ ಕಾನೂನಿನ ಮಿತಿಯಾದ 1.6ಕ್ಕೆ ಇಳಿದ ಟೈರಿಗೂ ತ್ರಿಜ್ಯದಲ್ಲಿ 6.4 ಮಿಲಿಮೀಟರ್ ವ್ಯತ್ಯಾಸ, ಅಂದರೆ ಶೇ 2. ರೇಡಿಯಲ್ ಟೈರಿನೊಳಗಿನ ಉಕ್ಕಿನ ಪಟ್ಟಿ ಹಿಗ್ಗದಿರುವುದರಿಂದ ಉರುಳುವ ಸುತ್ತಳತೆಯಲ್ಲಿ ಅಷ್ಟೂ ಕಾಣಿಸದು, ಆದರೂ ಕಾಣಿಸದೆ ಇರುವುದಿಲ್ಲ.

ಸವೆತದಲ್ಲಿ ಇನ್ನೊಂದು ವಿಚಿತ್ರವಿದೆ. ರಸ್ತೆಗೆ ಹೊಸ ಜೋಡಿಯನ್ನು ಹಿಂದೆ ಹಾಕಿ ಎನ್ನುವ ಸಲಹೆ ಸರಿಯಾದದ್ದೇ, ಯಾಕೆಂದರೆ ಮಳೆಯಲ್ಲಿ ಹಿಂದಿನ ಟೈರ್ ನೀರಿನ ಮೇಲೆ ತೇಲಿದರೆ ಉಳಿಗಾಲವಿಲ್ಲ. ಒಣ ಟ್ರ್ಯಾಕ್ ಮೇಲೆ ಮಾತ್ರ ಆಳವಾದ ಹೊಸ ಟ್ರೆಡ್‌ನ ರಬ್ಬರ್ ತುಂಡುಗಳು ಬಾಗಿ ತೊನೆಯುತ್ತವೆ. ಅರ್ಧ ಸವೆದ ಅದೇ ಟೈರ್ ಹೆಚ್ಚು ಬಿಗಿಯಾಗಿರುತ್ತದೆ. ಹಿಂದೆ ಹೊಚ್ಚಹೊಸದು, ಮುಂದೆ ಅರ್ಧ ಸವೆದದ್ದು ಹಾಕಿಕೊಂಡು ಒಣ ಟ್ರ್ಯಾಕಿಗೆ ಹೋದವನ ಕಾರಿನಲ್ಲಿ ಹಿಂಭಾಗ ಅಲುಗಾಡಿ, ಆ ಎಡಬದಿಯ ಮುಂಚಕ್ರದ ಕಥೆಯೇ ಸೌಮ್ಯ ರೂಪದಲ್ಲಿ ಮರುಕಳಿಸುತ್ತದೆ. ಒಂದೇ ಬ್ರ್ಯಾಂಡ್, ಒಂದೇ ಮಾದರಿ, ಒಂದೇ ಅಳತೆ ಎಂದರೂ ನಾಲ್ಕು ಟೈರ್‌ಗಳು ಒಂದೇ ಅಲ್ಲ.

ಬಿಸಿಯೂ ಹಾಗೆಯೇ. ನೆರಳಿನಲ್ಲಿ 30 ಡಿಗ್ರಿಯಲ್ಲಿ 32 ಪಿಎಸ್‌ಐ ತುಂಬಿದ ಟೈರಿನೊಳಗಿನ ಗಾಳಿ ಓಟದಲ್ಲಿ 80 ಡಿಗ್ರಿಗೆ ಏರಿದರೆ ಒತ್ತಡ 40ರ ಹತ್ತಿರ ಬರುತ್ತದೆ. ಬಲ ತಿರುವುಗಳೇ ಹೆಚ್ಚಿರುವಲ್ಲಿ ಎಡಬದಿಯ ಟೈರ್‌ಗಳು ಹೆಚ್ಚು ಕಾಯುತ್ತವೆ, ಅವುಗಳ ಒತ್ತಡವೇ ಹೆಚ್ಚು ಏರುತ್ತದೆ. ಹಾಗಾಗಿ ಪಿಟ್‌ಗೆ ಬಂದ ತಕ್ಷಣ, ಟೈರ್ ತಣಿಯುವ ಮೊದಲು, ಒತ್ತಡ ಅಳೆದು ಎಡಬಲ ಸಮ ಮಾಡುವುದನ್ನು ನಾನು ತಪ್ಪಿಸುವುದಿಲ್ಲ. ಸೆಮಿ-ಸ್ಲಿಕ್‌ಗಳ ಕಷ್ಟ ಇದರ ತಿರುವುಮುರುವು: ಮೊದಲ ಸುತ್ತಿನಲ್ಲಿ, ಅವು ಇನ್ನೂ ತಣ್ಣಗಿರುವಾಗ, ಸಾಮಾನ್ಯ ಟೈರಿಗಿಂತಲೂ ಕಡಿಮೆ ಹಿಡಿಯಬಹುದು. ಅಂದರೆ ಇಎಸ್‌ಸಿಯ ಕಣ್ಣಿಗೆ ಒಂದೇ ಅರ್ಧ ಗಂಟೆಯಲ್ಲಿ ಎರಡು ಬೇರೆ ಬೇರೆ ಕಾರುಗಳು ಹಾದುಹೋಗುತ್ತವೆ.

ಈ ಕೊರತೆಯನ್ನು ಕಾರು ತಯಾರಕರು ಅರಿತಿಲ್ಲವೆಂದಲ್ಲ. ಪೋರ್ಷೆ ತನ್ನ ಕಾರುಗಳಿಗೆ ಹದಗೊಳಿಸಿದ ಟೈರ್‌ಗಳ ಪಕ್ಕೆಯ ಮೇಲೆ ಎನ್ ಅಕ್ಷರದ ಗುರುತನ್ನೂ, ಬಿಎಂಡಬ್ಲ್ಯು ನಕ್ಷತ್ರವನ್ನೂ, ಮರ್ಸಿಡಿಸ್ ಎಂಒ ಅಕ್ಷರಗಳನ್ನೂ ಹಾಕಿಸುವುದು ಬರಿಯ ವ್ಯಾಪಾರದ ಗುರುತಲ್ಲ. ಹೊರಗೆ ಒಂದೇ ಹೆಸರು ಹೊತ್ತ ಟೈರ್‌ಗಳು ಒಳಗೆ ಬೇರೆಯಾಗಿರಬಹುದು ಎಂಬುದರ ಗುರುತು ಅದು. ಇತ್ತೀಚೆಗೆ ಪಿರೆಲ್ಲಿ ಟೈರಿನೊಳಗೇ ಸಂವೇದಕವಿಟ್ಟು, ಬಾಷ್ ಜೊತೆ ಸೇರಿ, ಪಗಾನಿ ಉಟೋಪಿಯ ಕಾರಿನಲ್ಲಿ ಆ ಟೈರ್ ತಾನು ಯಾವುದು, ಹೇಗಿದ್ದೇನೆ ಎಂಬುದನ್ನು ಎಬಿಎಸ್ ಮತ್ತು ಇಎಸ್‌ಸಿಗೆ ತಾನೇ ತಿಳಿಸುವ ಏರ್ಪಾಡು ಮಾಡಿದೆ. ಕೋಟಿಗಟ್ಟಲೆ ಬೆಲೆಯ ಕಾರು ಅದು. ನಮ್ಮ ಸೆಡಾನ್‌ಗಳಿಗೆ ಆ ಭಾಗ್ಯ ಬರುವವರೆಗೆ, ಕಾರಿನ ನೆನಪಿನಲ್ಲಿರುವ ಟೈರಿಗೆ ಹತ್ತಿರವಾದುದನ್ನು ಆರಿಸುವ ಹೊಣೆ ನಮ್ಮದೇ.

ನಮಗೆ ಇನ್ನೊಂದು ಕಟ್ಟುಪಾಡೂ ಇದೆ. ಬೆಂಗಳೂರಿನಿಂದ ಟ್ರ್ಯಾಕಿಗೆ ಹೋಗುವ ನನ್ನಂಥವರು ಕಾರನ್ನು ಲಾರಿಯಲ್ಲಿ ಕಳಿಸುವುದಿಲ್ಲ. ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು 300 ಕಿಲೋಮೀಟರ್ ಓಡಿಸಿಕೊಂಡು ಹೋಗಿ, ಸಂಜೆ ಅದೇ ಟೈರ್‌ಗಳ ಮೇಲೆ ಮರಳುತ್ತೇವೆ. ತಮಿಳುನಾಡಿನ ಆ ಭಾಗದಲ್ಲಿ ಮಳೆ ಜೋರಾಗುವುದು ನಮ್ಮ ಮುಂಗಾರು ಮುಗಿದ ಮೇಲೆ, ಹಿಂಗಾರಿನಲ್ಲಿ. ಗೀರುಗಳೇ ಇಲ್ಲದಂಥ ಸೆಮಿ-ಸ್ಲಿಕ್ ಮೇಲೆ, ನಿಂತ ನೀರಿನ ಹೆದ್ದಾರಿಯಲ್ಲಿ, ಇಎಸ್‌ಸಿ ಏನು ತಾನೇ ಮಾಡೀತು? ನೀರಿನ ಮೇಲೆ ತೇಲುತ್ತಿರುವ ಚಕ್ರಕ್ಕೆ ಬ್ರೇಕ್ ಹಾಕಿದರೂ ಹಿಡಿಯಲು ನೆಲವೇ ಇರುವುದಿಲ್ಲ. ಅದಕ್ಕಾಗಿಯೇ, ಸುತ್ತಿಗೆ ಎರಡು ಸೆಕೆಂಡ್ ಕಳೆದುಕೊಂಡರೂ ಸರಿ, ನೀರನ್ನು ಹೊರಹಾಕುವ ಆಳವಾದ ಗೀರುಗಳುಳ್ಳ, ಬಿಗಿ ಪಕ್ಕೆಯ ರಸ್ತೆ ಟೈರ್‌ಗಳನ್ನೇ ನಾನು ಆರಿಸುತ್ತೇನೆ. ನನ್ನ ಸ್ನೇಹಿತರಲ್ಲಿ ಹಲವರು ಒಪ್ಪುವುದಿಲ್ಲ. ಎರಡನೆಯ ಸೆಟ್ ಚಕ್ರಗಳನ್ನು ಡಿಕ್ಕಿಯಲ್ಲೂ ಹಿಂದಿನ ಸೀಟಿನಲ್ಲೂ ತುಂಬಿಕೊಂಡು ಬಂದು, ಪಿಟ್‌ನಲ್ಲಿ ಬದಲಿಸುವವರಿದ್ದಾರೆ. ಅವರ ಶ್ರದ್ಧೆಯನ್ನು ಗೌರವಿಸುತ್ತೇನೆ; ನಾಲ್ಕನ್ನೂ ತರುವುದಾದರೆ ನನ್ನ ತಕರಾರಿಲ್ಲ.

ಇಎಸ್‌ಸಿಯನ್ನು ಎಂದೂ ಆಫ್ ಮಾಡಬಾರದೆಂದು ನಾನು ಹೇಳುತ್ತಿಲ್ಲ. ನಾಲ್ಕು ಟೈರ್‌ಗಳೂ ಹೊಂದಿಕೆಯಾಗಿದ್ದು, ದೀಪ ಯಾವ ತಿರುವಿನಲ್ಲಿ, ಚಾಲಕನ ಯಾವ ಚಲನೆಗೆ ಮಿನುಗುತ್ತದೆ ಎಂಬುದನ್ನು ಬಲ್ಲವನು, ಪಕ್ಕದಲ್ಲಿ ಶಿಕ್ಷಕರನ್ನು ಕೂರಿಸಿಕೊಂಡು ಇಎಸ್‌ಸಿಯನ್ನು ಆಫ್ ಮಾಡಿ ಓಡಿಸಲಿ. ಟೈರ್ ಬೆರಕೆಯಿರುವಾಗ ಆ ದೀಪವನ್ನು ಆರಿಸುವುದಕ್ಕೆ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಟೈರ್‌ಗಳು ಹೊಂದಿದಾಗ ಆ ದೀಪದ ಮಾತಿಗೊಂದು ಅರ್ಥ ಬರುತ್ತದೆ: ನೀನು ಸ್ಟೀರಿಂಗನ್ನು ಬೇಗ ತಿರುಗಿಸಿದೆ, ಇಲ್ಲಿ ಆಕ್ಸಿಲರೇಟರ್ ಅವಸರವಾಯಿತು ಎಂದು ಅದು ನನ್ನ ತಪ್ಪನ್ನು ತೋರಿಸುತ್ತದೆ. ಹೊಂದದಿರುವಾಗ ಅದು ಟೈರಿನ ದೋಷವನ್ನು ಹೇಳುತ್ತಿದೆಯೋ ನನ್ನ ದೋಷವನ್ನೋ ತಿಳಿಯುವುದೇ ಇಲ್ಲ.

ಕಳೆದ ಬಾರಿ ಮದ್ರಾಸಿಗೆ ಹೋದಾಗ ನಾಲ್ಕೂ ಒಂದೇ ಮಾದರಿಯ ಟೈರ್‌ಗಳಿದ್ದವು, ಒಂದೇ ದಿನ ಕೊಂಡವು, ಟ್ರೆಡ್ ಐದು ಮಿಲಿಮೀಟರ್ ಉಳಿದಿದ್ದವು. ಸಿ1ರಲ್ಲಿ ದೀಪ ಮಿನುಗಿದ್ದು ಇಡೀ ದಿನದಲ್ಲಿ ಎರಡೇ ಸಲ, ಎರಡೂ ಸಲ ನಾನು ತಿರುವಿನ ನಡುವೆ ಕಾಲು ತೆಗೆದಾಗ. ಮರುದಿನ ಚಕ್ರ ಬಿಚ್ಚಿ ಅಳೆದೆ. ಮುಂದಿನ ಬಲ ಪ್ಯಾಡ್ 1.2 ಮಿಲಿಮೀಟರ್ ಸವೆದಿತ್ತು, ಎಡ ಪ್ಯಾಡ್ 1.4.